ಮಿರಗಕ್ಕೆ ಮೊದಲು ಮಾಳಿಗೆ

ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಘೋಣಸಗಿ ಮತ್ತು ಅದರ ಸುತ್ತಿನ ಸೀಮೆಯಲ್ಲಿ ಮನೆ ಕಟ್ಟುವುದು ಬಹುಕಾಲ ಮನೆಮಂದಿಯ ಕೆಲಸವೇ ಆಗಿತ್ತು. ಗೌಂಡಿ, ಬಡಿಗೇರ, ಕಲ್ಲು ಒಡೆಯುವವರು ಬೇಕಾದಾಗ ಬಂದು ತಮ್ಮ ಪಾಲಿನದು ಮುಗಿಸಿ ಹೋಗುತ್ತಿದ್ದರು. ಮಣ್ಣು ತರುವುದು, ರಾಡಿ ತುಳಿಯುವುದು, ಕಲ್ಲು ಹೊರುವುದು, ಗೋಡೆಗೆ ಗಿಲಾವ ಮಾಡುವುದು, ನೆಲ ಸಾರಿಸುವುದು ಮನೆಯವರಿಗೂ ಮುಯ್ಯಾಳಾಗಿ ಬಂದ ನೆರೆಯವರಿಗೂ ಸೇರಿದ್ದು. ಈಗ ಸಿಮೆಂಟು, ಕಬ್ಬಿಣ, ಸ್ಲ್ಯಾಬ್ ಬಂದಿದ್ದರೂ ಕೈಯಲ್ಲಿ ದುಡ್ಡು ಕಡಿಮೆ ಇರುವ ಕುಟುಂಬ ಅರ್ಧ ಕೆಲಸವನ್ನು ಇಂದಿಗೂ ತಾನೇ ಮಾಡಿಕೊಳ್ಳುತ್ತದೆ. ಯಾವುದನ್ನು ತಾವು ಹಿಡಿಯಬೇಕು, ಯಾವುದನ್ನು ಬಲ್ಲವರಿಗೆ ಬಿಡಬೇಕು ಎಂಬುದು ತಿಳಿದಿದ್ದರೆ ಇಂಥ ಮನೆ ತಲೆಮಾರುಗಟ್ಟಲೆ ನಿಲ್ಲುತ್ತದೆ.

ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಹತ್ತಿಕೊಂಡ ಈ ಭಾಗ ಬರದ ನಾಡು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲು. ನೆಲದಡಿ ಇರುವುದು ಲಾವಾ ಆರಿ ಗಟ್ಟಿಯಾದ ಕರಿಕಲ್ಲು. 1656ರ ಹೊತ್ತಿಗೆ ಎದ್ದು ನಿಂತ ವಿಜಯಪುರದ ಗೋಳಗುಮ್ಮಟವೂ ಇದೇ ಕಲ್ಲಿನದು, ಸುಣ್ಣದ ಗಚ್ಚಿನದು. ಗಚ್ಚು ಅರೆಯಲು ಎತ್ತಿನ ಗಾಣ ಬೇಕು, ಸುಣ್ಣ ಸುಡಲು ಭಟ್ಟಿ ಬೇಕು. ಅಷ್ಟು ಅನುಕೂಲವಿಲ್ಲದ ರೈತ ಅದೇ ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ.

ಕೆಲಸದ ಲೆಕ್ಕವೆಲ್ಲ ಒಕ್ಕಲುತನದ ಪಂಚಾಂಗದ್ದು. ಹಿಂಗಾರಿ ಜೋಳದ ರಾಶಿ ಮುಗಿದು ಯುಗಾದಿಯ ಆಚೀಚೆ ಕೈ ಹಚ್ಚಿದರೆ, ಜೂನ್ ಮೊದಲ ವಾರ ಮಿರಗ (ಮೃಗಶಿರಾ ಮಳೆ) ಕೂಡುವುದರೊಳಗೆ ಮಣ್ಣಿನ ಮಾಳಿಗೆ ಮುಚ್ಚಿರಬೇಕು. ನೆತ್ತಿ ಮುಚ್ಚದ ಮಣ್ಣಿನ ಗೋಡೆಯೊಳಗೆ ನೀರಿಳಿದರೆ ಮುಂದೆ ಅದು ಹೊಟ್ಟೆ ಬಿಡುವುದು ಖಂಡಿತ. ಆದ್ದರಿಂದ ಕಲ್ಲು, ಕಟ್ಟಿಗೆಗಳನ್ನು ಹಿಂದಿನ ವರ್ಷವೇ ಕೂಡಿಹಾಕುವ ರೂಢಿ. ಕಂಬ, ತೊಲೆ, ಜಂತಿಗಳಿಗೆ ಬೇವು ಮತ್ತು ಜಾಲಿ ಸುಲಭಕ್ಕೆ ಸಿಗುವ ಮರಗಳು, ಉಳ್ಳವರಿಗೆ ಸಾಗವಾನಿ. ಹಸಿ ಜಾಲಿಯನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸುತ್ತಾರೆ. ಒಳಗಿನ ರಸ ಬಿಟ್ಟುಹೋದ ಕಟ್ಟಿಗೆಗೆ ಹುಳದ ಕಾಟ ಕಡಿಮೆ.

ಪಾಯದಲ್ಲಿ ಉಳಿತಾಯ ಮಾಡಲು ಹೋಗಬಾರದು. ಕಪ್ಪು ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ಸೇರಿ ಬಿಡುವುದೇ ಇದಕ್ಕೆ ಕಾರಣ. ಪ್ರತಿ ವರ್ಷ ಹೀಗೆ ಏರಿಳಿಯುವ ನೆಲದ ಮೇಲೆ ಕೂತ ಗೋಡೆ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಮಡ್ಡಿ ನೆಲದಲ್ಲಿ ಸ್ವಲ್ಪ ಅಗೆದರೆ ಗರಸು ಸಿಗುತ್ತದೆ. ಎರಿಯಲ್ಲಿ ಗರಸು ಸಿಗುವವರೆಗೆ ಇಳಿಯಬೇಕು. ಅದು ತೀರ ಆಳದಲ್ಲಿದ್ದರೆ ಅಗಲ ಹೆಚ್ಚಿಸಿ, ಕಪ್ಪು ಮಣ್ಣು ತೆಗೆದು ಗರಸು ತುಂಬಿ ದಿಮ್ಮಸು ಬಡಿದು, ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಕಟ್ಟುವುದು ಕ್ಷೇಮ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಹೊರಗೆ ಇಳಿಜಾರಾಗಿ ಪರ್ಸಿ ಹಾಸಬೇಕು. ಏತ ನೀರಾವರಿ ಬಂದ ಮೇಲೆ ದ್ರಾಕ್ಷಿ ತೋಟದ ವಸ್ತಿಯಲ್ಲೇ ಮನೆ ಕಟ್ಟಬಯಸುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ತೋಟದ ತೇವ ವರ್ಷವಿಡೀ ಪಾಯದ ಹತ್ತಿರವೇ ಸುಳಿಯುತ್ತದೆ. ಅಗೆಯುವ ಕೆಲಸ ಮನೆಯವರದಾಗಲಿ. ಆಳ ಸಾಕೋ ಇನ್ನೂ ಬೇಕೋ ಎಂದು ಹೇಳುವವನು ಅನುಭವಿ ಗೌಂಡಿಯೇ ಆಗಲಿ.

ಗೋಡೆ ಎರಡು ಮೈಯದು. ಹೊರಗೊಂದು ಸಾಲು, ಒಳಗೊಂದು ಸಾಲು ಕಲ್ಲು, ನಡುವೆ ಚಿಪ್ಪು ಮತ್ತು ರಾಡಿ. ಒಟ್ಟು ದಪ್ಪ ಎರಡರಿಂದ ಮೂರು ಅಡಿ. ಈ ರಾಡಿ ಕಲಸುವುದರಲ್ಲಿ ಅವಸರ ನಡೆಯದು. ಅಂಟುಳ್ಳ ಮಣ್ಣನ್ನು ಜರಡಿ ಹಿಡಿದು, ಗುಂಪೆಯ ನಡುವೆ ಕುಣಿ ಮಾಡಿ ನೀರು ಹಾಕಿ, ಹೊಟ್ಟು ಬೆರೆಸಿ ಮುಚ್ಚಿಡುತ್ತಾರೆ. ಮರುದಿನದಿಂದ ದಿನಕ್ಕೊಮ್ಮೆ ನೀರು ಹಾಕಿ ತುಳಿಯುತ್ತಾರೆ. ವಾರ ಕಳೆದು ಹೊಟ್ಟು ಕೊಳೆತು ಹುಳಿ ವಾಸನೆ ಬಂದಾಗ ರಾಡಿ ಹದಕ್ಕೆ ಬಂದಂತೆ. ಅಂಗಾಲಿಗೆ ಒಂದು ಗಂಟೂ ಸಿಗಬಾರದು, ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟರೆ ಚಪ್ಪಟೆಯಾಗಬೇಕೇ ಹೊರತು ಒಡೆದು ಚೆಲ್ಲಬಾರದು. ಬರೀ ಎರಿ ಮಣ್ಣಿನ ರಾಡಿ ಒಣಗುತ್ತಲೇ ಬಿರಿಯುವುದರಿಂದ ಅದಕ್ಕೆ ಗರಸಿನ ಪುಡಿಯನ್ನೋ ಮರಳನ್ನೋ ಕೂಡಿಸಬೇಕು.

ಮಾಳಿಗೆ ಈ ಸೀಮೆಯ ಜಾಣತನದ ನೆಲೆ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತಿ, ಜಂತಿಯ ಮೇಲೆ ಅಡ್ಡಕ್ಕೆ ಸಣ್ಣ ಟೊಂಗೆ ಅಥವಾ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು. ಬೇವಿನ ಕಹಿ ಗೆದ್ದಲನ್ನು ದೂರವಿಡುತ್ತದೆ. ಇದರ ಮೇಲೆ ಮೊದಲು ಹಸಿ ರಾಡಿಯ ಪದರ, ಅದು ಆರಿದ ಮೇಲೆ ಒಣಮಣ್ಣು ಹರವಿ ಬಡಿಯುವುದು. ಕಡೆಯ ಪದರಕ್ಕೆ ಹಾಳುಗೋಡೆ, ಹಳೆಯ ಊರದಿಬ್ಬಗಳಿಂದ ಅಗೆದು ತಂದ ಬೂದುಬಿಳುಪಿನ ಹಾಳುಮಣ್ಣು. ಮೊದಲ ಮಳೆಯ ನೀರು ತಾಕುತ್ತಲೇ ಸವಳಿನ ಅಂಶವಿರುವ ಈ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಮುಂದಿನ ನೀರು ಇಂಗದೆ ಹರನಾಳಿಗೆಯ ಕಡೆಗೆ ಓಡುತ್ತದೆ. ಹೊಲಕ್ಕೆ ಶಾಪವಾದ ಗುಣ ಮಾಳಿಗೆಗೆ ವರವಾದದ್ದನ್ನು ಕಂಡುಕೊಂಡವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಸುತ್ತ ಕುಂಬಿ, ನಡುವೆ ಬೆಳಕಿಂಡಿ. ಅಡುಗೆಮನೆಯ ಹೊಗೆ ಹೋಗುವುದೂ ಪಡಸಾಲೆಗೆ ಬೆಳಕು ಬೀಳುವುದೂ ಈ ಬೆಳಕಿಂಡಿಯಿಂದಲೇ. ಹಗಲು ಕಾದ ಬಿಸಿ ಒಂದು ಅಡಿ ಮಣ್ಣನ್ನು ದಾಟಿ ಒಳಕ್ಕಿಳಿಯುವಷ್ಟರಲ್ಲಿ ಹೊತ್ತು ಮುಳುಗಿ, ಗಾಳಿ ತಂಪಾಗಿರುತ್ತದೆ. ತೆಳು ಸ್ಲ್ಯಾಬಿನ ಮನೆಗಾಗಲೀ ಪತ್ರಾಸಿನ ಮನೆಗಾಗಲೀ ಈ ಸುಖ ಇಲ್ಲ.

ಆದರೆ ಆ ಮಣ್ಣಿಗೆ ಭಾರವಿದೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ಸೋರಿದಾಗಲೆಲ್ಲ ಮೇಲೆ ಮಣ್ಣು ಹೇರುತ್ತ ಹೋದ ಹಳೆಯ ಮನೆಗಳಲ್ಲಿ ಭಾರ ಇದಕ್ಕೂ ಹೆಚ್ಚು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಮಡಿದದ್ದು ಇಂಥದೇ ಕಲ್ಲುಮಣ್ಣಿನ ಗೋಡೆ, ಇಂಥದೇ ಮಾಳಿಗೆಯಡಿ. ವಿಜಯಪುರ ಜಿಲ್ಲೆಯಲ್ಲೂ 2022ರ ಜುಲೈನಲ್ಲಿ ಕಂಪನ ಕಂಡುಬಂದಿತ್ತು. ಗೋಡೆಯ ಎರಡು ಮೈಗಳು ಒಂದಕ್ಕೊಂದು ಹಿಡಿದುಕೊಂಡಿರದೆ ಇದ್ದುದೇ ಕಿಲ್ಲಾರಿಯಲ್ಲಿ ಕಂಡ ದೊಡ್ಡ ದೋಷ. ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಪ್ರತಿ 600 ಮಿಲಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ ಇಡಬೇಕೆಂದು ಐಎಸ್ 13828 ಎಂಬ ಭಾರತೀಯ ಮಾನಕ ಹೇಳುತ್ತದೆ. ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಓಡಿಸಿದರೆ ನಾಲ್ಕೂ ಗೋಡೆ ಒಂದಾಗುತ್ತವೆ. ಹಳೆಯ ಮನೆಯ ದುರಸ್ತಿ ಮಾಡುವವರು ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸಲೇಬೇಕು. ಮಾಳಿಗೆಯ ತಂಪನ್ನು ಹೊಗಳುವವರು ಈ ಅಪಾಯವನ್ನು ಮರೆಮಾಚುವುದು ಸರಿಯಲ್ಲ.

ಮನೆಗೆ ಮನೆತನ ಬರುವುದು ಕೊನೆಗೆಲಸದಲ್ಲಿ. ಅದು ಬಹುಪಾಲು ಹೆಂಗಸರ ಕೈಯದು. ಮಣ್ಣು, ನುಣ್ಣನೆಯ ಹೊಟ್ಟು, ಸಗಣಿ ಕಲಸಿ ಅಂಗೈಯಿಂದ ಗೋಡೆಗೆ ಬಳಿಯುತ್ತಾರೆ. ಮೊದಲ ಪದರ ಒಣಗಿ ಸಣ್ಣಗೆ ಬಿರಿದ ಮೇಲೆಯೇ ಎರಡನೆಯದು. ಹಾಗಾದರೆ ಬಿರುಕಿನೊಳಗೆ ಹೊಸ ರಾಡಿ ಇಳಿದು ಕಚ್ಚಿಕೊಳ್ಳುತ್ತದೆ. ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ನೆಲಕ್ಕೆ ಗರಸು ಬಡಿದು, ಮಣ್ಣು ಹಾಕಿ, ಸಗಣಿ ಸಾರಿಸುತ್ತಾರೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ ಹೊಡೆಸುವ ಚಾಳಿ ಈಚೆಗೆ ಹೆಚ್ಚಿದೆ, ಅದು ತಪ್ಪು. ಒಳಗಿನ ತೇವ ಹೊರಬರಲಾಗದೆ ಸಿಮೆಂಟು ಹಪ್ಪಳವೆದ್ದು ಬೀಳುತ್ತದೆ, ಒಳಗಿನ ಮಣ್ಣು ಪುಡಿಯಾಗುತ್ತದೆ.

ಈಗಿನ ಹೊಸ ಮನೆಗಳಲ್ಲಿ ಹಲವು ಸರ್ಕಾರಿ ನೆರವಿನವು. ಇಂದಿರಾ ಆವಾಸ್ ಬದಲಿಗೆ 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಕೊಡುತ್ತದೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಗುತ್ತಿಗೆದಾರರನ್ನು ಹಚ್ಚದೆ ಫಲಾನುಭವಿಯೇ ಕಟ್ಟಿಸಬೇಕು ಎಂಬುದು ಇದರ ಮೂಲ ನಿಯಮ, ಮತ್ತು ಅದು ಒಳ್ಳೆಯ ನಿಯಮ. ಉದ್ಯೋಗ ಖಾತ್ರಿಯಲ್ಲಿ 90 ದಿನಗಳ ಕೂಲಿಯನ್ನು ಮನೆಯವರ ದುಡಿಮೆಗೆ ಸೇರಿಸಲು ಅವಕಾಶ ಮಾಡಿಕೊಟ್ಟದ್ದು ಕೈಕೆಲಸಕ್ಕೆ ಸಿಕ್ಕ ಬೆಲೆ. ಮಂಜೂರಾತಿ ಹೆಂಗಸಿನ ಹೆಸರಿಗೋ ಜಂಟಿಯಾಗಿಯೋ ಆಗುವುದರಿಂದ, ಗೋಡೆ ಬಳಿದವಳ ಹೆಸರು ಕಾಗದದಲ್ಲೂ ಕಾಣುತ್ತದೆ. ಎಲ್ಲವನ್ನೂ ಈ ಹಣದಲ್ಲೇ ಮುಗಿಸುವುದು ಕಷ್ಟ. ಹಳೆಯ ಮನೆ ಕೆಡವಿದ ಕಲ್ಲು, ಚೌಕಟ್ಟು, ಪರ್ಸಿಗಳನ್ನು ಮತ್ತೆ ಬಳಸಿಕೊಂಡವರಿಗೆ ಬ್ರಾಸುಗಟ್ಟಲೆ ಕಲ್ಲಿನ ಖರ್ಚು ಉಳಿಯುತ್ತದೆ.

ಈ ಹೊಸ ಮನೆಗಳಿಗೆ ಸ್ಲ್ಯಾಬ್ ಹಾಕುವುದು ಒಂದೇ ಬೀಸಿನಲ್ಲಿ ಮುಗಿಯಬೇಕಾದ ಕೆಲಸವಾದ್ದರಿಂದ ಸೆಂಟ್ರಿಂಗ್, ಕಬ್ಬಿಣ, ಕಾಂಕ್ರೀಟುಗಳನ್ನು ಬಲ್ಲ ತಂಡಕ್ಕೇ ಬಿಡಬೇಕು. ಮರುದಿನದಿಂದ ಹೊಣೆ ಮನೆಯವರದು. ಮೇ ಬಿಸಿಲಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರೆ ಸಾಲದು. ಸ್ಲ್ಯಾಬಿನ ಮೇಲೆ ಹೊಲದಂತೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಬೂದಿ ಬೆರೆತ ಸಿಮೆಂಟಿಗೆ, ಇಂಥ ಒಣಹವೆಯಲ್ಲಿ, 14 ದಿನ ತೇವ ಬೇಕು. ಗೋಡೆ, ಕಂಬಗಳಿಗೆ ಒದ್ದೆ ಗೋಣಿತಟ್ಟು ಸುತ್ತಬೇಕು. ನೀರಿನ ಕೊರತೆಯ ಊರಿನಲ್ಲಿ ಮೊದಲು ಕಡಿಮೆಯಾಗುವುದು ಇದೇ ನೀರು. ಮುಂದೆ ಸ್ಲ್ಯಾಬ್ ಸೋರುವುದಕ್ಕೂ ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದಕ್ಕೂ ಈ ಕೊರತೆಯೇ ಒಂದು ಮುಖ್ಯ ಕಾರಣ. ಟ್ಯಾಂಕರಿನ ಖರ್ಚನ್ನು ಸಿಮೆಂಟಿನ ಖರ್ಚಿನ ಜೊತೆಗೇ ಲೆಕ್ಕ ಹಿಡಿದು ಕೆಲಸ ಹಚ್ಚುವುದು ಮೇಲು.

ಮನೆ ಹೊಕ್ಕ ಮೇಲೂ ಪ್ರತಿ ಬೇಸಿಗೆಯ ಕೊನೆಗೆ ಸ್ವಲ್ಪ ಕೆಲಸ ಇದ್ದೇ ಇರುತ್ತದೆ. ಮಣ್ಣಿನ ಮಾಳಿಗೆಯಾದರೆ ಹುಲ್ಲು ಕಿತ್ತು, ಇಲಿಬಿಲ ಮುಚ್ಚಿ, ತೆಳ್ಳಗೆ ಹಾಳುಮಣ್ಣು ಹರವಿ, ಹರನಾಳಿಗೆ ಸ್ವಚ್ಛ ಮಾಡಬೇಕು. ಸ್ಲ್ಯಾಬಾದರೆ ಕುಂಬಿಯ ಬುಡದ ಬಿರುಕು ತುಂಬಿ, ಬಿಸಿಲು ತಿರುಗಿಸಲು ಸುಣ್ಣ ಬಳಿಯಬೇಕು. ಮುಂದೊಂದು ದಿನ ಮೇಲಂತಸ್ತು ಎತ್ತುವ ಆಸೆಯಿಂದ ಕಂಬದ ಮೇಲೆ ಕಬ್ಬಿಣದ ಸಳಿ ಬಿಟ್ಟವರು ಅವಕ್ಕೆ ಗಟ್ಟಿ ಸಿಮೆಂಟ್ ಹಾಲು ಬಳಿದು, ಮೇಲೆ ತೆಳು ಕಾಂಕ್ರೀಟ್ ಹೊದಿಸಿ ಮುಚ್ಚಿಡಬೇಕು.