ಗಟ್ಟಿ ಪೇರ್ ಕೆಟ್ಟ ಪೇರ್ ಅಲ್ಲ

ಅಂಗಡಿಯಲ್ಲಿ ಪೇರ್ ಹಣ್ಣನ್ನು ಒತ್ತಿ ನೋಡಿ, ‘ಇದೇನು, ಕಲ್ಲಿನ ಹಾಗಿದೆ’ ಎಂದು ಅಲ್ಲೇ ಬಿಟ್ಟು ಬರುವವರೇ ಹೆಚ್ಚು. ಮರಸೇಬು ಎಂದೂ ಕರೆಯುವ ಈ ಹಣ್ಣು ನಮ್ಮ ಒಲೆಯ ಹತ್ತಿರ ಬಾರದಿರುವುದಕ್ಕೆ ಕೆಲವು ತಪ್ಪು ನಂಬಿಕೆಗಳೇ ಕಾರಣ.

ತಪ್ಪು ಕಲ್ಪನೆ: ಮರದಲ್ಲೇ ಹಣ್ಣಾದ ಪೇರ್‌ಗೆ ರುಚಿ ಹೆಚ್ಚು.

ಸತ್ಯ: ಬಾರ್ಟ್ಲೆಟ್, ಬಾಸ್ಕ್, ಆಂಜೂ ಮೊದಲಾದ ಯುರೋಪಿನ ತಳಿಗಳನ್ನು ಬಲಿತ ಮೇಲೆ, ಇನ್ನೂ ಗಟ್ಟಿ ಇರುವಾಗಲೇ ಕೀಳುತ್ತಾರೆ. ಇವು ಒಳಗಿನಿಂದ ಹಣ್ಣಾಗುವುದರಿಂದ, ಮರದಲ್ಲೇ ಬಿಟ್ಟರೆ ಹೊರಗೆ ಮೆತ್ತಗಾಗುವಷ್ಟರಲ್ಲಿ ಒಳತಿರುಳು ಕಂದಾಗಿ ಹಿಟ್ಟುಹಿಟ್ಟಾಗುತ್ತದೆ. ಮನೆಗೆ ತಂದು ಫ್ರಿಜ್‌ನಿಂದ ಹೊರಗಿಟ್ಟರೆ ಕೆಲವು ದಿನಗಳಲ್ಲಿ ಹದಕ್ಕೆ ಬರುತ್ತವೆ. ಪಕ್ಕದಲ್ಲಿ ಬಾಳೆಹಣ್ಣಿಟ್ಟರೆ, ಅದು ಬಿಡುವ ಎಥಿಲೀನ್ ಅನಿಲದಿಂದ ಇನ್ನೂ ಬೇಗ. ಏಷ್ಯಾದ ದುಂಡು ತಳಿಗಳ ಮಾತು ಬೇರೆ. ಅವು ಮರದಲ್ಲೇ ಹಣ್ಣಾಗುತ್ತವೆ, ಹಣ್ಣಾದ ಮೇಲೂ ಗರಿಗರಿಯಾಗಿಯೇ ಇರುತ್ತವೆ.

ತಪ್ಪು ಕಲ್ಪನೆ: ಹಸಿರಾಗಿದ್ದರೆ ಕಾಯಿ, ಹಳದಿಯಾದರೆ ಹಣ್ಣು.

ಸತ್ಯ: ಬಾರ್ಟ್ಲೆಟ್ ಮಟ್ಟಿಗೆ ಇದು ನಿಜ. ಹಸಿರು ಆಂಜೂ ಮಾತ್ರ ಹಣ್ಣಾದರೂ ಹಸಿರಾಗಿಯೇ ಉಳಿಯುತ್ತದೆ. ಬಣ್ಣ ನೋಡುವ ಬದಲು ತೊಟ್ಟಿನ ಬುಡದಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಅಲ್ಲಿ ಸ್ವಲ್ಪ ತಗ್ಗಿದರೆ ತಿನ್ನಲು ಸಿದ್ಧ.

ತಪ್ಪು ಕಲ್ಪನೆ: ಅಡುಗೆಗೂ ಚೆನ್ನಾಗಿ ಕಳಿತ ಹಣ್ಣೇ ಬೇಕು.

ಸತ್ಯ: ಕಳಿತ ಹಣ್ಣು ಬಿಸಿ ತಾಗಿದೊಡನೆ ಕರಗಿ ಮುದ್ದೆಯಾಗುತ್ತದೆ. ಬೇಯಿಸಲು, ಟಾರ್ಟ್ ಮೇಲೆ ಜೋಡಿಸಲು ಗಟ್ಟಿ ಹಣ್ಣೇ ಸರಿ. ಸಿಪ್ಪೆ ಹೆರೆದು, ಎರಡು ಹೋಳು ಮಾಡಿ, ಬೀಜದ ಭಾಗ ತೆಗೆಯಿರಿ. ಒಂದು ಲೀಟರ್ ನೀರಿಗೆ 300 ಗ್ರಾಂ ಸಕ್ಕರೆ, ಒಂದು ತುಂಡು ಚಕ್ಕೆ, ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಪಾಕ ಕೊತಕೊತ ಕುದಿಯಬಾರದು. ಚಾಕುವಿನ ತುದಿ ತಡೆಯಿಲ್ಲದೆ ಒಳಗೆ ಇಳಿದರೆ ಬೆಂದಂತೆ. ನೆದರ್‌ಲ್ಯಾಂಡ್ಸ್‌ನಲ್ಲಿ ‘ಗೀಸರ್ ವಿಲ್ಡೆಮನ್’ ಎಂಬ ಬಿರುಸು ತಳಿಯನ್ನು ಗಂಟೆಗಟ್ಟಲೆ ಬೇಯಿಸುವುದಕ್ಕೆಂದೇ ಬೆಳೆಯುತ್ತಾರೆ.

ತಪ್ಪು ಕಲ್ಪನೆ: ಬೇಯುವಾಗ ಕೆಂಪಾದರೆ ಹಣ್ಣು ಕೆಟ್ಟಿದೆ, ಇಲ್ಲವೇ ಬಣ್ಣ ಬೆರೆಸಿದ್ದಾರೆ.

ಸತ್ಯ: ಎರಡೂ ಅಲ್ಲ. ಪೇರ್‌ನಲ್ಲಿ ಬಣ್ಣವಿಲ್ಲದ ಟ್ಯಾನಿನ್ ಅಂಶಗಳಿವೆ. ಹುಳಿಯ ಜೊತೆ ಬಹಳ ಹೊತ್ತು ಬೆಂದಾಗ ಅವು ಗುಲಾಬಿ, ಕೆಂಪು ಬಣ್ಣದ ವಸ್ತುಗಳಾಗಿ ಬದಲಾಗುತ್ತವೆ. ಬಾಯಿಗೆ ಮರಳಿನಂತೆ ಸಿಗುವ ಕಣಗಳೂ ದೋಷವಲ್ಲ. ಅವು ಪೇರ್‌ನ ತಿರುಳಲ್ಲಿ ಸಹಜವಾಗಿ ಇರುವ ಗಡಸು ಜೀವಕೋಶಗಳು.

ತಪ್ಪು ಕಲ್ಪನೆ: ಪೇರ್ ಸಿಹಿತಿಂಡಿಗೆ ಮಾತ್ರ.

ಸತ್ಯ: ಉತ್ತರ ಜರ್ಮನಿಯಲ್ಲಿ ಪೇರ್, ಹುರುಳಿಕಾಯಿ, ಹಂದಿಮಾಂಸ ಒಟ್ಟಿಗೆ ಬೇಯಿಸುವುದು ಬೇಸಿಗೆ ಮುಗಿಯುವ ಹೊತ್ತಿನ ಮನೆಯೂಟ. ಕೊರಿಯಾದವರು ಬುಲ್ಗೋಗಿಗೆ ಮಾಂಸ ನೆನೆಸಿಡುವಾಗ ತುರಿದ ಪೇರ್ ಸೇರಿಸುತ್ತಾರೆ. ಅದರ ಕಿಣ್ವಗಳು ಮಾಂಸವನ್ನು ಮೃದುಗೊಳಿಸುತ್ತವೆ. ಇಟಲಿಯಲ್ಲಿ ಪೇರ್ ಜೊತೆ ಚೀಸ್ ತಿನ್ನುವುದು ಗಾದೆಯಾಗುವಷ್ಟು ಹಳೆಯ ರೂಢಿ. ನಮ್ಮಲ್ಲೂ ನೀಲಗಿರಿಯ ಗಟ್ಟಿ ಪೇರ್ ಸಿಕ್ಕಾಗ ಅನಾನಸ್ ಗೊಜ್ಜಿನ ಕ್ರಮದಲ್ಲೇ ಹುಣಸೆ, ಬೆಲ್ಲ, ಎಳ್ಳು ಹಾಕಿ ಗೊಜ್ಜು ಮಾಡಬಹುದು. ಹೋಳು ಕರಗದೆ ನಿಲ್ಲುತ್ತದೆ.

ತಪ್ಪು ಕಲ್ಪನೆ: ಕೇಕ್‌ನಲ್ಲಿ ಸೇಬಿನ ಬದಲು ಅಷ್ಟೇ ಪೇರ್ ಹಾಕಿದರಾಯಿತು.

ಸತ್ಯ: ಹಾಕಬಹುದು, ಆದರೆ ಹಣ್ಣಾದ ಪೇರ್ ರಸ ಬಿಡುವುದು ಹೆಚ್ಚು, ಹುಳಿ ಕಡಿಮೆ. ಹೋಳುಗಳ ಮೇಲಿನ ರಸ ಒರೆಸಿ, ಸಕ್ಕರೆ ತುಸು ತಗ್ಗಿಸಿ, ನಿಂಬೆರಸ ಹಿಂಡಿ. ಹೆಚ್ಚಿದ ಹೋಳು ಗಾಳಿಗೆ ಕಪ್ಪಾಗುವುದನ್ನೂ ಅದೇ ನಿಂಬೆರಸ ತಡೆಯುತ್ತದೆ.

ಮುಂದಿನ ಸಲ ಅಂಗಡಿಯಲ್ಲಿ ಗಟ್ಟಿ ಪೇರ್ ಕಂಡರೆ ಬಿಟ್ಟು ಬರಬೇಡಿ. ತಿನ್ನುವುದಕ್ಕಾದರೆ ಕೆಲವು ದಿನ ಕಾಯಿರಿ, ಒಲೆಗಾದರೆ ಅಂದೇ ಹೆಚ್ಚಿ.