ಮಂಡಿಯ ಆಪರೇಷನ್: ರೋಬೋಟೋ, ಹಳೆಯ ದಾರಿಯೋ?

2000ದ ಅಕ್ಟೋಬರ್‌ನಲ್ಲಿ ಪ್ರಧಾನಿ ವಾಜಪೇಯಿ ಅವರ ಎಡ ಮಂಡಿಗೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಕೃತಕ ಕೀಲು ಕೂರಿಸಲಾಯಿತು. ಅದಕ್ಕಾಗಿ ನ್ಯೂಯಾರ್ಕ್‌ನಿಂದ ಬಂದವರು ಡಾ. ಚಿತ್ತರಂಜನ್ ರಾಣಾವತ್. ಇಂದಿನ ಕೃತಕ ಮಂಡಿಗಳಿಗೆ ಮಾದರಿಯಾದ, 1974ರಲ್ಲಿ ಬಳಕೆಗೆ ಬಂದ ‘ಟೋಟಲ್ ಕಾಂಡೈಲರ್’ ಕೀಲನ್ನು ರೂಪಿಸಿದ ತಂಡದಲ್ಲಿ ಅವರೂ ಇದ್ದರು. ಮರುವರ್ಷ ಬಲ ಮಂಡಿಯ ಸರದಿ.

ಈಗ ಮಂಡಿನೋವಿನವರ ಮುಂದೆ ಆಯ್ಕೆಗಳ ಸಾಲೇ ಇದೆ. ರೋಬೋಟಿಕ್ ಎನ್ನುತ್ತಾರೆ, ಸ್ನಾಯು ಕತ್ತರಿಸದ ವಿಧಾನ ಎನ್ನುತ್ತಾರೆ. ಯಾವುದನ್ನು ನಂಬುವುದು?

ಹೆಚ್ಚು ಬಳಕೆಯಲ್ಲಿರುವ ಹಳೆಯ ದಾರಿಯಲ್ಲಿ ಮಂಡಿಚಿಪ್ಪಿನ ಒಳಬದಿಯಲ್ಲಿ, ತೊಡೆಯ ದೊಡ್ಡ ಸ್ನಾಯುವಿನ ರಜ್ಜುವನ್ನು ಉದ್ದಕ್ಕೆ ಸೀಳಿ ಕೀಲನ್ನು ತಲುಪುತ್ತಾರೆ. ‘ಸಬ್‌ವಾಸ್ಟಸ್’ ವಿಧಾನದಲ್ಲಿ ಆ ಸ್ನಾಯುವನ್ನು ಕತ್ತರಿಸದೆ ಅಡಿಯಿಂದ ಎತ್ತಿ ಪಕ್ಕಕ್ಕೆ ಸರಿಸುತ್ತಾರೆ. ಮೊದಲ ದಿನಗಳಲ್ಲಿ ನೋವು ಕಡಿಮೆ, ಕಾಲನ್ನು ನೆಟ್ಟಗೆ ಎತ್ತುವ ಶಕ್ತಿಯೂ ಬೇಗ ಬರುತ್ತದೆ. ಆದರೆ ಕೆಲವು ತಿಂಗಳು ಕಳೆದರೆ ಎರಡೂ ಗುಂಪಿನವರ ನಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ದಪ್ಪ ಮೈಯವರಿಗೆ, ಮಂಡಿ ತೀರಾ ಬಿಗಿದುಕೊಂಡವರಿಗೆ ಒಳಗಿನದೆಲ್ಲ ಚೆನ್ನಾಗಿ ಕಾಣುವ ಹಳೆಯ ದಾರಿಯೇ ವಾಸಿ.

ನಿಜವಾದ ಕಸುಬು ಇರುವುದು ಮೂಳೆ ಕೊಯ್ದ ಮೇಲೆ. ಎರಡು ಮೂಳೆಗಳ ನಡುವಿನ ಸಂದಿಗೆ ಅಳತೆಯ ತುಂಡೊಂದನ್ನಿಟ್ಟು, ಕಾಲು ಚಾಚಿದಾಗಲೂ ಮಡಿಸಿದಾಗಲೂ ಎರಡೂ ಬದಿಯ ಲಿಗಮೆಂಟುಗಳು ಹದವಾಗಿ ಬಿಗಿದಿವೆಯೇ ಎಂದು ನೋಡುತ್ತಾರೆ. ಒಂದು ಬದಿ ಸಡಿಲವಾದರೆ ಮಂಡಿ ಅಲುಗಾಡುತ್ತದೆ, ಬಿಗಿಯಾದರೆ ಮಡಿಸಲು ಕಷ್ಟ.

ಕಾಲನ್ನು ಪೂರ್ತಿ ನೇರ ಮಾಡಬೇಕೇ ಎಂಬುದೂ ಚರ್ಚೆಯಲ್ಲಿದೆ. ಬೆಲ್ಜಿಯಂನಲ್ಲಿ ಆರೋಗ್ಯವಂತ ಯುವಜನರ ಕಾಲುಗಳನ್ನು ಅಳೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 32 ಗಂಡಸರ, ಶೇ. 17 ಹೆಂಗಸರ ಕಾಲು ಸಹಜವಾಗಿಯೇ 3 ಡಿಗ್ರಿ ಅಥವಾ ಹೆಚ್ಚು ಹೊರಕ್ಕೆ ಬಾಗಿತ್ತು. ಹುಟ್ಟುಬಾಗನ್ನು ಹಾಗೇ ಉಳಿಸುವ ‘ಕೈನಮ್ಯಾಟಿಕ್’ ಪಂಥಕ್ಕೆ ಇದು ಬಲ ತಂದಿತು.

ರೋಬೋಟ್ ತಾನಾಗಿ ಆಪರೇಷನ್ ಮಾಡುತ್ತದೆ ಎಂದುಕೊಂಡವರಿದ್ದಾರೆ. ಗರಗಸ ಹಿಡಿಯುವವರು, ಅಥವಾ ಅದನ್ನು ನಡೆಸುವವರು, ವೈದ್ಯರೇ. ಯೋಜಿಸಿದ ಗೆರೆ ದಾಟದಂತೆ ಯಂತ್ರ ತಡೆಯುತ್ತದೆ. ಕೊಯ್ತ ಕರಾರುವಾಕ್ಕಾಗುತ್ತದೆ, ನಿಜ. ಅಷ್ಟರಿಂದಲೇ ರೋಗಿಯ ಮಂಡಿ ವರ್ಷಗಳ ನಂತರವೂ ಹೆಚ್ಚು ಚೆನ್ನಾಗಿರುತ್ತದೆ ಎಂಬುದು ಇನ್ನೂ ಖಚಿತವಾಗಿಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ. 82 ಇಪ್ಪತ್ತೈದು ವರ್ಷ ಬಾಳುತ್ತವೆ; ಅಷ್ಟು ಹಳೆಯ ಆ ಮಂಡಿಗಳನ್ನು ಕೂರಿಸಿದ್ದು ರೋಬೋಟ್ ಅಲ್ಲ.

ಹಾಗಾಗಿ ಒಪ್ಪಿಗೆ ಕೊಡುವ ಮುನ್ನ ಯಂತ್ರದ ಹೆಸರಿಗಿಂತ ಮೊದಲು ಇಷ್ಟು ಕೇಳಿ: ನೀವು ವರ್ಷಕ್ಕೆ ಎಷ್ಟು ಮಂಡಿಗಳ ಆಪರೇಷನ್ ಮಾಡುತ್ತೀರಿ? ನನ್ನ ಮಂಡಿಗೆ ಈ ದಾರಿಯೇ ಏಕೆ? ಮನೆಗೆ ಹೋದ ಮೇಲೆ ಫಿಸಿಯೋಥೆರಪಿ ಮಾಡಿಸುವವರು ಯಾರು?