ದತ್ತಾಂಶ ಸಾಕ್ಷರತೆ (ಪದವಿ ಶಿಕ್ಷಣ)

ದತ್ತಾಂಶ ಸಾಕ್ಷರತೆ ಎಂದರೆ ದತ್ತಾಂಶವನ್ನು ಓದುವ, ಅರ್ಥೈಸುವ, ಪ್ರಶ್ನಿಸುವ ಮತ್ತು ಅದರ ಆಧಾರದ ಮೇಲೆ ತರ್ಕಬದ್ಧವಾಗಿ ವಾದಿಸುವ ಸಾಮರ್ಥ್ಯ. ಪದವಿ ಹಂತದಲ್ಲಿ ಇದರ ಅಗತ್ಯ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಕಲೆ, ವಾಣಿಜ್ಯ ಹಾಗೂ ಸಮಾಜ ವಿಜ್ಞಾನಗಳ ವಿದ್ಯಾರ್ಥಿಗಳಿಗೂ ಇದೆ. ಲೆಕ್ಕದಿಂದ ದೊರೆತ ಉತ್ತರವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಗುರುತಿಸುವುದು ಈ ಕಲಿಕೆಯ ಮುಖ್ಯ ಉದ್ದೇಶ.

ಬೋಧನಾ ಕ್ರಮ

ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2005ರಲ್ಲಿ ಅನುಮೋದಿಸಿ 2016ರಲ್ಲಿ ಪರಿಷ್ಕರಿಸಿದ ಕಾಲೇಜು ಬೋಧನಾ ಮಾರ್ಗಸೂಚಿಯು, ಸಂದರ್ಭ ಮತ್ತು ಉದ್ದೇಶವುಳ್ಳ ನೈಜ ದತ್ತಾಂಶವನ್ನು ತರಗತಿಯಲ್ಲಿ ಬಳಸಬೇಕೆಂದು ಸೂಚಿಸುತ್ತದೆ.

ನಕ್ಷೆಯ ಮಹತ್ವವನ್ನು ತಿಳಿಸಲು ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ದತ್ತಾಂಶ ಗಣಗಳನ್ನು ಬಳಸುವುದುಂಟು. ಪ್ರತಿ ಗಣದಲ್ಲಿ 11 ಬಿಂದುಗಳಿವೆ. ನಾಲ್ಕರ ಸರಾಸರಿಗಳೂ ಸಹಸಂಬಂಧ ಗುಣಾಂಕವೂ (ಸುಮಾರು 0.816) ಬಹುತೇಕ ಒಂದೇ ಆಗಿದ್ದರೂ, ನಕ್ಷೆ ಬರೆದಾಗ ನಾಲ್ಕೂ ಸಂಪೂರ್ಣ ಭಿನ್ನವಾಗಿ ಕಾಣುತ್ತವೆ.

ಬರ್ಕ್ಲಿ ಪ್ರವೇಶಾತಿ ಪ್ರಕರಣ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ 1973ರ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಸಲ್ಲಿಸಿದ ಪುರುಷರಲ್ಲಿ ಸುಮಾರು ಶೇ. 44ರಷ್ಟು, ಮಹಿಳೆಯರಲ್ಲಿ ಸುಮಾರು ಶೇ. 35ರಷ್ಟು ಮಂದಿ ಆಯ್ಕೆಯಾದರು. ಮೇಲ್ನೋಟಕ್ಕೆ ಇದು ಲಿಂಗ ತಾರತಮ್ಯವೆಂದು ತೋರುತ್ತದೆ. ಆದರೆ ಅತಿದೊಡ್ಡ ಆರು ವಿಭಾಗಗಳನ್ನು ಬೇರೆ ಬೇರೆಯಾಗಿ ನೋಡಿದರೆ, ನಾಲ್ಕರಲ್ಲಿ ಮಹಿಳೆಯರ ಆಯ್ಕೆಯ ಪ್ರಮಾಣವೇ ಹೆಚ್ಚು. ಕಡಿಮೆ ಮಂದಿಗೆ ಪ್ರವೇಶ ನೀಡುವ ವಿಭಾಗಗಳಿಗೆ ಮಹಿಳೆಯರು ಹೆಚ್ಚಾಗಿ ಅರ್ಜಿ ಸಲ್ಲಿಸಿದ್ದುದರಿಂದ ಅವರ ಒಟ್ಟು ಪ್ರಮಾಣ ತಗ್ಗಿತ್ತು. ಇದನ್ನು ಸಿಂಪ್ಸನ್‌ನ ವಿರೋಧಾಭಾಸ ಎನ್ನುತ್ತಾರೆ. ಮಹಿಳೆಯರು ಆ ವಿಭಾಗಗಳನ್ನೇ ಆರಿಸಿಕೊಂಡದ್ದು ಏಕೆ ಎಂಬುದನ್ನು ಈ ಅಂಕಿಅಂಶಗಳು ವಿವರಿಸುವುದಿಲ್ಲ. ಆದುದರಿಂದ ಒಟ್ಟು ಮೊತ್ತವನ್ನು ಮಾತ್ರ ನೋಡಿ ತೀರ್ಪು ನೀಡುವುದು ಹೇಗೆ ತಪ್ಪೋ, ವಿಭಾಗವಾರು ಅಂಕಿಗಳನ್ನು ಕಂಡೊಡನೆ ಅಸಮಾನತೆಯೇ ಇಲ್ಲವೆನ್ನುವುದೂ ಹಾಗೆಯೇ ತಪ್ಪು.

ಭಾರತದ ದತ್ತಾಂಶ

ಭಾರತ ಸರ್ಕಾರವು 2012ರಲ್ಲಿ ಆರಂಭಿಸಿದ ಮುಕ್ತ ದತ್ತಾಂಶ ಜಾಲತಾಣ ಹಾಗೂ ಜನಗಣತಿಯ ಕೋಷ್ಟಕಗಳು ತರಗತಿಯ ಅಭ್ಯಾಸಕ್ಕೆ ಉಪಯುಕ್ತ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36. ಇದನ್ನು ಇಡೀ ಜನಸಂಖ್ಯೆಗೆ ಹೋಲಿಸಿ ಲೆಕ್ಕ ಹಾಕಿಲ್ಲ. ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನವರನ್ನಷ್ಟೇ ಪರಿಗಣಿಸಲಾಗಿದೆ. ಯಾವುದಾದರೊಂದು ಭಾಷೆಯಲ್ಲಿ ತಿಳಿದು ಓದಬಲ್ಲ ಹಾಗೂ ಬರೆಯಬಲ್ಲವರನ್ನು ಸಾಕ್ಷರರೆಂದು ಎಣಿಸಲಾಗಿದೆ. ಯಾರನ್ನು ಎಣಿಸಲಾಯಿತು, ಯಾರನ್ನು ಬಿಡಲಾಯಿತು, ಪದದ ವ್ಯಾಖ್ಯೆ ಏನು ಎಂಬ ಪ್ರಶ್ನೆಗಳನ್ನು ಯಾವುದೇ ಶೇಕಡಾವಾರು ಅಂಕಿಯ ಮುಂದಿಡುವ ಅಭ್ಯಾಸವು ದತ್ತಾಂಶ ಸಾಕ್ಷರತೆಯ ಮೊದಲ ಹಂತವಾಗಿದೆ.